ಮನೆಯಲ್ಲೇ ಕಟ್ಟಿದ ಸ್ಟೀರಿಯೋ ಮಿಕ್ಸರ್ ಕೈಕೊಟ್ರೆ: ಕಿವಿಗೆ ಬೀಳೋ ಲಕ್ಷಣದಿಂದ ದೋಷ ಹುಡುಕೋದು ಹೇಗೆ

ಹಲವು ಕಡೆಯಿಂದ ಬರೋ ಸದ್ದನ್ನ ಒಂದಾಗಿ ಬೆರೆಸೋ ಮಿಕ್ಸರಿನ ಬೋರ್ಡ್ ಸೋಲ್ಡರ್ ಮಾಡಿ ಮುಗಿಸಿ ಪವರ್ ಕೊಟ್ಟ ಮೊದಲ ಸಲವೇ ಸರಿಯಾಗಿ ಹಾಡೋದು ಅಪರೂಪ. ಒಂದು ಕಡೆ ಸದ್ದಿಲ್ಲ, ಇಲ್ಲಾ ಗುಂಯ್ ಅನ್ನುತ್ತೆ, ಇಲ್ಲಾ ದನಿ ಒಡೆದು ಬರುತ್ತೆ. ಆಗ ಜಾಸ್ತಿ ಜನ ಮೊದಲು ಕೈ ಹಾಕೋದು ಐಸಿಗೆ, ಕಿತ್ತು ಹೊಸದು ಹಾಕಿ ನೋಡ್ತಾರೆ. ನನ್ನ ಪ್ರಕಾರ ಅದು ಕೊನೇ ಕೆಲಸ. ಐಸಿ ನಿಜವಾಗ್ಲೂ ಸತ್ತಿರೋದು ಕಮ್ಮಿ, ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ), ತಪ್ಪು ಬೆಲೆಯ ರೆಸಿಸ್ಟರ್, ಜ್ಯಾಕಿನ ಗ್ರೌಂಡ್ ಬಿಟ್ಟುಹೋಗಿರೋದು, ಇವೇ ಜಾಸ್ತಿ.

ಸ್ಟೀರಿಯೋ ಮಿಕ್ಸರ್‌ನಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ, ಅದನ್ನ ಯಾಕೋ ಯಾರೂ ಸರಿಯಾಗಿ ಬಳಸ್ಕೊಳ್ಳಲ್ಲ. ಲೆಫ್ಟ್ ರೈಟ್ ಎರಡೂ ಒಂದೇ ಸರ್ಕ್ಯೂಟು. ಒಂದು ಕಡೆ ಕೆಟ್ಟಿದ್ರೆ ಇನ್ನೊಂದು ಕಡೆ ಕೆಲಸ ಮಾಡೋ ಮಾದರಿ ಪಕ್ಕದಲ್ಲೇ ಕೂತಿದೆ. ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರ್ಬೇಕು ಅಂತ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಆ ಕಡೆ ಅಳೆದು ಈ ಕಡೆ ಅಳೆದು ಎಲ್ಲಿ ವ್ಯತ್ಯಾಸ ಶುರುವಾಗುತ್ತೋ ಅಲ್ಲೇ ಹುಡುಕಿದ್ರಾಯ್ತು.

ಮೊದಲು ಸರ್ಕ್ಯೂಟ್ ಏನು ಮಾಡ್ತಿದೆ ಅಂತ ಸ್ವಲ್ಪ

ನಾನಿಲ್ಲಿ ಇಟ್ಕೊಂಡಿರೋದು ಎಲ್ಲರೂ ಕಟ್ಟೋ ಮಾಮೂಲಿ ಡಿಸೈನ್. ಪ್ರತಿ ಚಾನೆಲ್ಲಿಗೂ, ಅಂದ್ರೆ ಬೆರೆಸೋ ಒಂದೊಂದು ಮೂಲಕ್ಕೂ: ಇನ್‌ಪುಟ್ ಜ್ಯಾಕ್, ಅಲ್ಲಿಂದ ಒಂದು ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಸದ್ದು ಮಾತ್ರ ಬಿಡೋದು), ಒಂದು ಬಫರ್ ಆಪ್ ಆಂಪ್ (ಆಪ್ ಆಂಪ್ ಅಂದ್ರೆ ಐಸಿಯೊಳಗಿನ ಆಂಪ್ಲಿಫೈಯರ್), ವಾಲ್ಯೂಮ್ ಪಾಟ್ (ನಾಬ್ ತಿರುಗಿಸಿ ಬದಲಾಯಿಸೋ ರೆಸಿಸ್ಟರ್), ಆಮೇಲೆ 10ಕೆ (10 ಸಾವಿರ ಓಮ್) ಮಿಕ್ಸಿಂಗ್ ರೆಸಿಸ್ಟರ್. ಎಲ್ಲ ಚಾನೆಲ್‌ಗಳ ಲೆಫ್ಟ್ ರೆಸಿಸ್ಟರ್‌ಗಳು ಒಂದೇ ತಂತಿಗೆ ಬಂದು ಸೇರ್ತವೆ, ಅದೇ ಲೆಫ್ಟ್ ಬಸ್, ರೈಟಿಗೂ ಹಾಗೇ. ಬಸ್ ಹೋಗಿ ಸೇರೋದು ಸಮ್ಮಿಂಗ್ (ಎಲ್ಲವನ್ನೂ ಕೂಡಿಸೋ) ಆಪ್ ಆಂಪಿನ ಮೈನಸ್ ಇನ್‌ಪುಟ್‌ಗೆ, ಅಲ್ಲಿಂದ ಔಟ್‌ಪುಟ್‌ಗೆ ಒಂದು 10ಕೆ ಫೀಡ್‌ಬ್ಯಾಕ್ ರೆಸಿಸ್ಟರ್. ಆಮೇಲೆ ಮಾಸ್ಟರ್ ವಾಲ್ಯೂಮ್, ಔಟ್‌ಪುಟ್ ಬಫರ್, ಜ್ಯಾಕ್.

ಇಡೀ ಮಿಕ್ಸರಿನ ಜೀವ ಇರೋದು ಆ ಸಮ್ಮಿಂಗ್ ಸ್ಟೇಜಲ್ಲಿ. ಪ್ಲಸ್ ಇನ್‌ಪುಟ್ ಗ್ರೌಂಡಿಗೆ ಕಟ್ಟಿರೋದ್ರಿಂದ ಆಪ್ ಆಂಪ್ ತನ್ನ ಮೈನಸ್ ಇನ್‌ಪುಟ್ಟನ್ನೂ 0 ವೋಲ್ಟಲ್ಲೇ ಹಿಡಿದಿಡೋಕೆ ನೋಡುತ್ತೆ. ಎಷ್ಟು ಕಾಲುವೆಯಿಂದ ನೀರು ಬಂದ್ರೂ ತೊಟ್ಟಿಯ ಮಟ್ಟ ಏರದ ಹಾಗೆ ಅಷ್ಟೇ ನೀರನ್ನ ಆ ಕಡೆಯಿಂದ ಎತ್ತಿ ಹಾಕೋ ಪಂಪ್ ಇದ್ದಂಗೆ ಅದು. ಹಾಗಾಗಿ ಬಸ್ಸಿನ ಮೇಲೆ ವೋಲ್ಟೇಜ್ ಏಳೋದೇ ಇಲ್ಲ, ಒಂದು ಚಾನೆಲ್ಲಿಗೆ ಇನ್ನೊಂದು ಚಾನೆಲ್ ಇರೋದೇ ಗೊತ್ತಾಗಲ್ಲ. ಇದಕ್ಕೆ ವರ್ಚುವಲ್ ಗ್ರೌಂಡ್ ಅಂತಾರೆ.

ಇದನ್ನ ಈಗಲೇ ಯಾಕೆ ಹೇಳ್ತಿದೀನಿ ಅಂದ್ರೆ, ಸಿಗ್ನಲ್ ಹಿಂಬಾಲಿಸ್ಕೊಂಡು ಬರೋರು ಬಸ್ಸಿಗೆ ಬಂದು ಪ್ರೋಬ್ ಇಟ್ಟಾಗ ಏನೂ ಕೇಳಲ್ಲ, "ಇಲ್ಲೇ ಸಿಗ್ನಲ್ ಸತ್ತಿದೆ" ಅಂತ ತೀರ್ಮಾನ ಮಾಡಿ ಒಳ್ಳೇ ರೆಸಿಸ್ಟರ್‌ಗಳನ್ನ ಕೀಳೋಕೆ ಶುರು ಮಾಡ್ತಾರೆ. ಅಲ್ಲಿ ಸದ್ದಿಲ್ಲದಿರೋದೇ ಸರಿ! ಅಲ್ಲಿ ಜೋರಾಗಿ ಸದ್ದು ಕೇಳಿದ್ರೆ ಆಗ ಗಾಬರಿ ಆಗ್ಬೇಕು.

ಕೈ ಹಾಕೋ ಮುಂಚೆ

ಟ್ರಾನ್ಸ್‌ಫಾರ್ಮರ್ ಡಬ್ಬದೊಳಗೇ ಇದ್ರೆ ಮೇನ್ಸ್ ಪ್ಲಗ್ ಕಿತ್ತಿಟ್ಟು ಆಮೇಲೆ ಮುಚ್ಚಳ ತೆಗೀರಿ, ಸ್ವಿಚ್ ಆಫ್ ಮಾಡಿದ್ರೆ ಸಾಕು ಅಂದ್ಕೋಬೇಡಿ. ಸ್ವಿಚ್, ಫ್ಯೂಸ್, ಟ್ರಾನ್ಸ್‌ಫಾರ್ಮರ್ ಪ್ರೈಮರಿ, ಇವುಗಳ ಮೇಲೆ ಬರಿಗೈ ತಾಗೋ ಹಾಗಿದ್ರೆ ಮೊದಲು ಅದಕ್ಕೆ ಸ್ಲೀವ್ ಹಾಕಿ ಮುಚ್ಚಿ, ಆಮೇಲೇ ಪವರ್ ಕೊಟ್ಟು ಅಳೆಯೋದು. ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಪವರ್ ತೆಗೆದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಹಿಡ್ಕೊಂಡಿರ್ತವೆ, ಮೀಟರಲ್ಲಿ 1 ವೋಲ್ಟಿಗಿಂತ ಕೆಳಗೆ ಇಳಿದಿದೆ ಅಂತ ನೋಡ್ಕೊಂಡು ಸೋಲ್ಡರ್ ಐರನ್ ಎತ್ಕೊಳ್ಳಿ. ದೋಷ ಹುಡುಕೋವಾಗ ಹೆಡ್‌ಫೋನ್ ಕಿವಿಗೆ ಹಾಕ್ಕೊಳ್ಳಲೇಬೇಡಿ, ಒಂದು ಪ್ರೋಬ್ ಜಾರಿದ್ರೂ ಕಿವಿಗೆ ಬಡಿಯೋ ಸದ್ದು ಬರುತ್ತೆ. ದೊಡ್ಡ ಪವರ್ ಆಂಪ್ಲಿಫೈಯರ್ ಕೂಡ ಬೇಡ, ಹಾಳಾದ್ರೂ ಬೇಜಾರಿಲ್ಲದ ಒಂದು ಸಣ್ಣ ಸ್ಪೀಕರ್ ಸಾಕು.

ಬೇಕಾಗೋದು ಒಂದು ಮಲ್ಟಿಮೀಟರ್, ಟೋನ್ ಕೊಡೋಕೆ ಒಂದು ಫೋನು. ಟೋನ್ 1000 ಹರ್ಟ್ಸ್ ಬದಲು 200ರಿಂದ 400 ಹರ್ಟ್ಸ್ ಒಳಗೆ ಇಟ್ಕೊಳ್ಳಿ, ಅಗ್ಗದ ಮೀಟರ್‌ಗಳ ಎಸಿ ರೇಂಜು ಅದಕ್ಕಿಂತ ಮೇಲೆ ಹೋದ್ರೆ ತಪ್ಪು ತೋರಿಸುತ್ತೆ. ಇನ್ನೊಂದು, ಆಡಿಯೋ ಪ್ರೋಬ್: ಒಂದು ಶೀಲ್ಡ್ ವೈರಿನ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸಲ್ಲಿ ಹಾಕಿ, ಆ ಕಡೆ ತುದಿಯನ್ನ ಸಣ್ಣ ಆಂಪ್ಲಿಫೈಯರಿಗೆ ಕೊಡಿ, ಶೀಲ್ಡನ್ನ ಮಿಕ್ಸರ್ ಗ್ರೌಂಡಿಗೆ ಕ್ಲಿಪ್ ಮಾಡಿ. ಕೆಪಾಸಿಟರ್ ಇರೋದ್ರಿಂದ ಡಿಸಿ ಆ ಕಡೆ ಹೋಗಲ್ಲ, ಎಲ್ಲಿ ಮುಟ್ಟಿದ್ರೂ ಅಲ್ಲಿರೋ ಸದ್ದು ಮಾತ್ರ ಕೇಳುತ್ತೆ. ಮತ್ತೆ ಐಸಿ ಪಿನ್ನಿನ ಮೇಲೆ ನೇರ ಪ್ರೋಬ್ ಇಡೋದಕ್ಕಿಂತ ಆ ಪಿನ್ನಿಗೆ ಸೇರಿರೋ ರೆಸಿಸ್ಟರಿನ ಕಾಲ ಮೇಲೆ ಇಟ್ರೆ ಒಳ್ಳೇದು, ಪಕ್ಕದ ಪಿನ್ನಿಗೆ ಶಾರ್ಟ್ ಆಗೋ ಭಯ ಇರಲ್ಲ.

ಎರಡೂ ಕಡೆ ಪೂರ್ತಿ ಮೌನ

ಎರಡೂ ಕಡೆ ಒಟ್ಟಿಗೇ ಸತ್ತಿದ್ರೆ ಕಾರಣ ಎರಡಕ್ಕೂ ಸಾಮಾನ್ಯ ಆಗಿರೋ ಕಡೆ ಇರುತ್ತೆ, ಅಂದ್ರೆ ಪವರ್ ಅಥವಾ ಗ್ರೌಂಡು ಅಥವಾ ಹೊರಗಿನ ಕೇಬಲ್. ಮೊದಲು ಫೋನನ್ನ ನೇರ ಸ್ಪೀಕರಿಗೆ ಅದೇ ಕೇಬಲಲ್ಲೇ ಹಾಕಿ ನೋಡಿ. ನಗಬೇಡಿ, ಕೇಬಲ್ಲೇ ಹೋಗಿರೋದು ಎಷ್ಟೋ ಸಲ.

ಕೇಬಲ್ ಸರಿ ಇದ್ರೆ ಮೀಟರಿನ ಕಪ್ಪು ಪ್ರೋಬನ್ನ ಇನ್‌ಪುಟ್ ಜ್ಯಾಕಿನ ಗ್ರೌಂಡಿಗೆ ಇಟ್ಟು ಐಸಿಯ ಪವರ್ ಪಿನ್ನಲ್ಲೇ ಅಳೀರಿ, ವೋಲ್ಟೇಜ್ ಸ್ಥಿರವಾಗಿಡೋ ರೆಗ್ಯುಲೇಟರ್ ಹತ್ರ ಅಲ್ಲ. ಟಿಎಲ್072, ಎನ್‌ಇ5532, 4558 ಇವೆಲ್ಲ ಎರಡು ಆಂಪ್ ಇರೋ ಐಸಿಗಳು, ಪಿನ್ ಜೋಡಣೆ ಒಂದೇ: 8ನೇ ಪಿನ್ ಪ್ಲಸ್, 4ನೇ ಪಿನ್ ಮೈನಸ್. ನಾಲ್ಕು ಆಂಪ್ ಇರೋ ಟಿಎಲ್074 ಆದ್ರೆ 4ನೇ ಪಿನ್ನೇ ಪ್ಲಸ್, 11 ಮೈನಸ್, ಇಲ್ಲಿ ತುಂಬಾ ಜನ ಎಡವ್ತಾರೆ. ರೆಗ್ಯುಲೇಟರ್ ಹತ್ರ 12 ವೋಲ್ಟ್ ಇದ್ದು ಐಸಿ ಹತ್ರ ಇಲ್ಲ ಅಂದ್ರೆ ನಡುವೆ ಟ್ರ್ಯಾಕ್ ಕಟ್ ಆಗಿದೆ ಅಥವಾ ಜಂಪರ್ ಹಾಕೋದು ಮರೆತಿದೀರ.

ಪ್ಲಸ್ 12 ಇದೆ, ಮೈನಸ್ 12 ಇಲ್ಲವೇ ಇಲ್ಲ ಅಂದ್ರೆ ಮೈನಸ್ ಕಡೆಯ ರೆಗ್ಯುಲೇಟರ್ 7912 ನೋಡಿ (ಪ್ಲಸ್ ಕಡೆಯದು 7812). 7812ನ ಅಕ್ಷರ ನಮ್ಮ ಕಡೆ ಇರೋ ಹಾಗೆ ಹಿಡಿದ್ರೆ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ದು ಹಾಗಲ್ಲ, ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಎರಡನ್ನೂ ಒಂದೇ ಥರ ಜೋಡಿಸಿದ್ರೆ ಮೈನಸ್ ಬರಲ್ಲ. ಇನ್ನೊಂದು ಮೋಸ ಅಂದ್ರೆ ಬೆನ್ನಿನ ಲೋಹದ ಪಟ್ಟಿ: 7812ರಲ್ಲಿ ಅದು ಗ್ರೌಂಡು, 7912ರಲ್ಲಿ ಅದು ಇನ್‌ಪುಟ್. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಮೈಕಾ (ಕರೆಂಟು ತಡೆಯೋ ತೆಳು ಹಾಳೆ) ಇಲ್ಲದೆ ಬಿಗಿದ್ರೆ ಮೈನಸ್ ಸಪ್ಲೈ ನೇರ ಗ್ರೌಂಡಿಗೆ ಶಾರ್ಟು.

ಒಂದೇ 9 ವೋಲ್ಟ್ ಸಪ್ಲೈ ಮೇಲೆ ಓಡೋ ಡಿಸೈನ್ ಆಗಿದ್ರೆ ಎರಡು ಸಮ ರೆಸಿಸ್ಟರ್ ಸೇರೋ ನಡುಬಿಂದುವಲ್ಲಿ ಅರ್ಧ ವೋಲ್ಟೇಜ್, ಅಂದ್ರೆ 4.5 ವೋಲ್ಟ್ ಆಸುಪಾಸು ಇರ್ಬೇಕು. ಅದು ಸೊನ್ನೆ ಹತ್ರ ಇದ್ರೆ ಅಲ್ಲಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಉಲ್ಟಾ ಬಿದ್ದಿದೆಯಾ, ಲೀಕ್ ಆಗ್ತಿದೆಯಾ ನೋಡಿ. ಈ ಥರದ ಡಿಸೈನಲ್ಲಿ ಮುಂದೆ ನಾನು "0 ವೋಲ್ಟ್" ಅಂದಲ್ಲೆಲ್ಲ "ಅರ್ಧ ಸಪ್ಲೈ" ಅಂತ ಓದ್ಕೊಳ್ಳಿ, ಅಷ್ಟೇ ವ್ಯತ್ಯಾಸ.

ಒಂದು ಕಡೆ ಮಾತ್ರ ಸದ್ದು, ಅಥವಾ ಒಂದು ಕಡೆ ತೀರಾ ಕಮ್ಮಿ

ಮೀಟರ್ ಮುಟ್ಟೋ ಮುಂಚೆ ಅದಲು ಬದಲು ಮಾಡಿ ನೋಡಿ, ಇದಕ್ಕೆ ಕಾಸು ಖರ್ಚಿಲ್ಲ. ಔಟ್‌ಪುಟ್ ಕಡೆ ಲೆಫ್ಟ್ ರೈಟ್ ಪ್ಲಗ್ ಅದಲು ಬದಲು ಮಾಡಿ. ಸತ್ತ ಸ್ಪೀಕರ್ ಸತ್ತೇ ಇದ್ರೆ ದೋಷ ಮಿಕ್ಸರ್ ಆಚೆ. ಮೌನ ಇನ್ನೊಂದು ಸ್ಪೀಕರಿಗೆ ಹೋಯ್ತು ಅಂದ್ರೆ ಮಿಕ್ಸರ್ ಅಥವಾ ಅದರ ಹಿಂದೆ. ಆಮೇಲೆ ಇನ್‌ಪುಟ್ ಕಡೆ ಅದೇ ಆಟ. ಇನ್‌ಪುಟ್ ಬದಲಾಯಿಸಿದ್ರೂ ಅದೇ ಕಡೆ ಮೌನ ಅಂದ್ರೆ ಮಿಕ್ಸರ್ ಒಳಗೇ ಇದೆ. ಬೇರೆ ಚಾನೆಲ್ಲಿಗೆ ಹಾಕಿದಾಗ ಎರಡೂ ಕಡೆ ಬಂದ್ರೆ ಆ ಒಂದು ಚಾನೆಲ್ಲಿನ ದೋಷ, ಎಲ್ಲ ಚಾನೆಲ್ಲಲ್ಲೂ ಅದೇ ಕಡೆ ಮೌನ ಅಂದ್ರೆ ಬಸ್, ಸಮ್ಮಿಂಗ್, ಮಾಸ್ಟರ್ ಇವುಗಳಲ್ಲಿ ಒಂದು. ಇಷ್ಟರಲ್ಲೇ ಹುಡುಕೋ ಜಾಗ ನಾಲ್ಕಾರು ಬಿಡಿಭಾಗಕ್ಕೆ ಇಳಿದಿರುತ್ತೆ.

ಈಗ ಫೋನಿನಿಂದ ಎರಡೂ ಕಡೆ ಒಂದೇ ಟೋನ್ ಕೊಟ್ಟು, ಪಾಟ್‌ಗಳನ್ನ ಪೂರ್ತಿ ಮೇಲೆ ಇಟ್ಟು, ಮೀಟರನ್ನ ಎಸಿಗೆ ಹಾಕಿ ಜೋಡಿ ಜೋಡಿಯಾಗಿ ಅಳೀತಾ ಹೋಗಿ. ಬಫರ್ ಔಟ್‌ಪುಟ್ ಲೆಫ್ಟ್, ಬಫರ್ ಔಟ್‌ಪುಟ್ ರೈಟ್. ಪಾಟ್ ನಡು ಕಾಲು ಲೆಫ್ಟ್, ರೈಟ್. ಬಸ್ ಬಿಟ್ಟು ಮುಂದಕ್ಕೆ ಸಮ್ಮಿಂಗ್ ಔಟ್‌ಪುಟ್. ಶೇಕಡಾ 10ರಷ್ಟು ವ್ಯತ್ಯಾಸ ಇದ್ರೆ ತಲೆ ಕೆಡಿಸ್ಕೋಬೇಡಿ, ಶೇಕಡಾ 5ರ ರೆಸಿಸ್ಟರ್‌ಗಳಲ್ಲಿ ಅದು ಮಾಮೂಲಿ. ಪಾಟ್ ಪೂರ್ತಿ ಮೇಲೆ ಇಡಿ ಅಂದಿದ್ದು ಯಾಕಂದ್ರೆ ಜೋಡಿ ಪಾಟಿನ ಎರಡು ಟ್ರ್ಯಾಕ್‌ಗಳು ನಡು ಜಾಗದಲ್ಲಿ ಅಷ್ಟು ಸರಿಯಾಗಿ ಹೊಂದಲ್ಲ.

ಸರಿಯಾಗಿ ಹತ್ತು ಪಟ್ಟು ವ್ಯತ್ಯಾಸ ಸಿಕ್ರೆ ಖುಷಿ ಪಡಿ, ದೋಷ ಸಿಕ್ಕಿದ ಹಾಗೇನೇ. 10ಕೆ ಜಾಗದಲ್ಲಿ 1ಕೆ ಅಥವಾ 100ಕೆ ಕೂತಿದೆ. ಕಂದು-ಕಪ್ಪು-ಕಿತ್ತಳೆ 10ಕೆ, ಕಂದು-ಕಪ್ಪು-ಕೆಂಪು 1ಕೆ, ಸಂಜೆ ಬಲ್ಬಿನ ಬೆಳಕಲ್ಲಿ ಕಿತ್ತಳೆ ಕೆಂಪು ಎರಡೂ ಒಂದೇ ಥರ ಕಾಣುತ್ತೆ. ಫೀಡ್‌ಬ್ಯಾಕ್ ಜಾಗದಲ್ಲಿ 1ಕೆ ಬಿದ್ರೆ ಆ ಕಡೆ ಸದ್ದು 20 ಡೆಸಿಬೆಲ್ ಕೆಳಗೆ.

ರೆಸಿಸ್ಟರನ್ನ ಬೋರ್ಡ್ ಮೇಲೆ ಇದ್ದ ಹಾಗೇ ಅಳೆಯೋವಾಗ, ಪವರ್ ತೆಗೆದು ಕೆಪಾಸಿಟರ್ ಖಾಲಿ ಆದ್ಮೇಲೆ, ಒಂದು ಮಾತು ನೆನಪಿರ್ಲಿ. ಬರೆದಿರೋದಕ್ಕಿಂತ ಕಮ್ಮಿ ತೋರಿಸಿದ್ರೆ ಅದು ದೋಷ ಆಗ್ಲೇಬೇಕಂತಿಲ್ಲ, ಸುತ್ತಲಿನ ಬೇರೆ ದಾರಿಗಳು ಸೇರ್ಕೊಂಡು ಕಮ್ಮಿ ಮಾಡಿರಬಹುದು. ಆದ್ರೆ ಬರೆದಿರೋದಕ್ಕಿಂತ ತುಂಬಾ ಜಾಸ್ತಿ ತೋರಿಸ್ತಾ ನಿಂತ್ರೆ ಅದು ಹೋಗಿದೆ, ಇಲ್ಲಾ ಬೇರೆ ಬೆಲೆಯದು, ಇಲ್ಲಾ ಅದರ ಕಾಲು ಸರಿಯಾಗಿ ಸೋಲ್ಡರ್ ಆಗಿಲ್ಲ.

ಇನ್ನು ಐಸಿ. ಸಾಮಾನ್ಯವಾಗಿ ಒಂದೇ ಐಸಿಯ ಒಂದು ಅರ್ಧ ಲೆಫ್ಟಿಗೆ (1, 2, 3ನೇ ಪಿನ್), ಇನ್ನೊಂದು ಅರ್ಧ ರೈಟಿಗೆ (5, 6, 7) ಇರುತ್ತೆ. ಪವರ್ ಎರಡಕ್ಕೂ ಒಂದೇ ಆದ್ದರಿಂದ ಒಂದು ಕಡೆ ಹಾಡ್ತಿದೆ ಅಂದ್ರೆ ಪವರ್ ಇದೆ, ಆ ವಿಷಯ ಬಿಡಿ. ಡಿಸಿಗೆ ಮೀಟರ್ ಹಾಕಿ ಸತ್ತ ಅರ್ಧದ ಔಟ್‌ಪುಟ್ ಪಿನ್ ನೋಡಿ. ಕೆಲವು ಮಿಲಿವೋಲ್ಟ್ ಒಳಗೆ ಸೊನ್ನೆ ಇದ್ರೆ ಐಸಿ ಜೀವಂತ ಇರೋ ಸಾಧ್ಯತೆ ಜಾಸ್ತಿ, ಸಿಗ್ನಲ್ ಬರೋ ದಾರಿ ಅಥವಾ ಹೋಗೋ ದಾರಿ ಕಟ್ ಆಗಿದೆ. 10 ವೋಲ್ಟಿನ ಆಸುಪಾಸಿಗೆ ಹೋಗಿ ಅಂಟ್ಕೊಂಡಿದ್ರೆ ಫೀಡ್‌ಬ್ಯಾಕ್ ಬಿಟ್ಟುಹೋಗಿದೆ, ಅಥವಾ ಪ್ಲಸ್ ಇನ್‌ಪುಟ್ ಎಲ್ಲಿಗೂ ಸೇರದೆ ತೇಲ್ತಿದೆ, ಅದೆರಡೂ ಅಲ್ಲ ಅಂದ್ರೆ ಆಗ ಐಸಿ. ಸಾಕೆಟ್ ಹಾಕಿದ್ರೆ ಇದೇ ಬೋರ್ಡಿನ ಬೇರೆ ಐಸಿ ಜೊತೆ ಅದಲು ಬದಲು ಮಾಡಿ. ಪವರ್ ತೆಗೆದು, ಕಚ್ಚು ಇರೋ ತುದಿ ಯಾವ ಕಡೆ ಅಂತ ಗುರುತು ಹಾಕ್ಕೊಂಡು. ಉಲ್ಟಾ ಹಾಕಿದ್ರೆ ಪವರ್ ಉಲ್ಟಾ ಹೋಗಿ ಒಳ್ಳೇ ಐಸಿಯೂ ಹೋಗುತ್ತೆ.

ಹಾಡೋರ ದನಿಯೇ ಮಾಯ, ವಾದ್ಯ ಮಾತ್ರ ಕೇಳುತ್ತೆ

ಇದು ಸಿಕ್ಕಿದಾಗ ಜನ ಸರ್ಕ್ಯೂಟಲ್ಲಿ ಏನೋ ದೊಡ್ಡ ತೊಂದರೆ ಅಂದ್ಕೋತಾರೆ, ನಿಜವಾಗಿ ಇದು ಒಂದು ತಂತಿಯ ವಿಷಯ. ಹೆಡ್‌ಫೋನ್ ಜ್ಯಾಕಿನ ಗ್ರೌಂಡ್ ಬಿಟ್ಟುಹೋದ್ರೆ ಕರೆಂಟು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹರಿಯುತ್ತೆ, ಎರಡಕ್ಕೂ ಸಮನಾಗಿರೋದೆಲ್ಲ ಕಳೆದುಹೋಗಿ ವ್ಯತ್ಯಾಸ ಮಾತ್ರ ಉಳಿಯುತ್ತೆ. ಹಾಡೋ ದನಿಯನ್ನ ಸಾಮಾನ್ಯವಾಗಿ ನಟ್ಟನಡುವೆ ಇಟ್ಟಿರೋದ್ರಿಂದ ಅದೇ ಮೊದಲು ಹೋಗೋದು. ಜ್ಯಾಕಿನ ಗ್ರೌಂಡ್ ಲಗ್ ಮತ್ತೆ ಸೋಲ್ಡರ್ ಮಾಡಿ.

ಹೆಡ್‌ಫೋನಲ್ಲಿ ಎಲ್ಲಾ ಕೇಳ್ತಿದೆ ಆದ್ರೆ ದನಿ ತಲೆ ನಡುವೆ ಕೂರದೆ ಎಲ್ಲೆಲ್ಲೋ ಹರಡಿದ ಹಾಗಿದೆ, ಸ್ಪೀಕರಲ್ಲಿ ಬೇಸ್ ಸೊರಗಿದೆ ಅಂದ್ರೆ ಅದು ಬೇರೆ: ಒಂದು ಕಡೆ ಸಿಗ್ನಲ್ ತಲೆಕೆಳಗಾಗಿದೆ. ಸಮ್ಮಿಂಗ್ ಸ್ಟೇಜ್ ಹೇಗೂ ಸಿಗ್ನಲ್ಲನ್ನ ಒಮ್ಮೆ ತಿರುಗಿಸುತ್ತೆ, ಎರಡೂ ಕಡೆ ತಿರುಗಿದ್ರೆ ಸಮಸ್ಯೆ ಇಲ್ಲ. ಒಂದು ಕಡೆ ಔಟ್‌ಪುಟ್ ಸ್ಟೇಜಲ್ಲಿ ಪ್ಲಸ್ ಮೈನಸ್ ಇನ್‌ಪುಟ್ ವೈರಿಂಗ್ ಬೇರೆ ಥರ ಆಗಿದ್ರೆ ಹೀಗಾಗುತ್ತೆ. ಸ್ಪೀಕರ್ ತಂತಿ ಉಲ್ಟಾ ಇಲ್ಲ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ.

ಗುಂಯ್ ಅನ್ನೋ ಹಮ್

ಹಮ್ ಬಂತು ಅಂದ ಕೂಡ್ಲೆ ಫಿಲ್ಟರ್ ಕೆಪಾಸಿಟರ್ ದೊಡ್ಡದು ಹಾಕೋ ಚಟ ಎಲ್ಲರಿಗೂ ಇದೆ. ಮೊದಲು ಎಲ್ಲಿಂದ ಒಳಗೆ ಬರ್ತಿದೆ ಅಂತ ಕಂಡುಹಿಡೀರಿ. ಎಲ್ಲ ಇನ್‌ಪುಟ್ ಕಿತ್ತುಬಿಡಿ, ಎಲ್ಲ ವಾಲ್ಯೂಮ್ ಸೊನ್ನೆ, ಮಾಸ್ಟರ್ ಕೂಡ ಸೊನ್ನೆ. ಆಗಲೂ ಹಮ್ ಇದ್ರೆ ಔಟ್‌ಪುಟ್ ಬಫರ್, ಸಪ್ಲೈ ಅಥವಾ ಔಟ್‌ಪುಟ್ ಕೇಬಲ್. ಮಾಸ್ಟರ್ ಏರಿಸಿದಾಗ ಬಂದ್ರೆ ಬಸ್ ಅಥವಾ ಸಮ್ಮಿಂಗ್. ಒಂದು ಚಾನೆಲ್ ಏರಿಸಿದಾಗ ಮಾತ್ರ ಬಂದ್ರೆ ಆ ಚಾನೆಲ್, ಅದರ ಇನ್‌ಪುಟ್ ವೈರು ಶೀಲ್ಡ್ ಇಲ್ಲದ್ದೋ ಶೀಲ್ಡ್ ಬಿಟ್ಟಿದ್ದೋ ಇರುತ್ತೆ. ಲ್ಯಾಪ್‌ಟಾಪ್ ಥರದ ಯಾವುದೋ ಒಂದನ್ನ ಜೋಡಿಸಿದಾಗ ಮಾತ್ರ ಬಂದ್ರೆ ಮಿಕ್ಸರಿಗೆ ಕೈಹಾಕೋದೇ ಬೇಡ, ಅದು ಗ್ರೌಂಡ್ ಲೂಪ್, ಅಂದ್ರೆ ಎರಡು ಸಾಧನಗಳ ಗ್ರೌಂಡ್ ಎರಡು ದಾರಿಯಿಂದ ಸೇರಿ ಸುತ್ತು ಆಗಿರೋದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ, ಹಮ್ ನಿಂತ್ರೆ ಖಾತ್ರಿ ಆಯ್ತು. ಅದಕ್ಕೆ ಮದ್ದು ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ಹಾಕೋದು, ಅಷ್ಟಕ್ಕೂ ಹೋಗದಿದ್ರೆ ನಡುವೆ ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್. ಮೂರು ಪಿನ್ ಪ್ಲಗ್ಗಿನ ಅರ್ಥಿಂಗ್ ಪಿನ್ ಕೀಳೋದು ಮದ್ದಲ್ಲ. ಹಮ್ ಹೋಗುತ್ತೆ ನಿಜ, ಆದ್ರೆ ಒಳಗೆ ಎಲ್ಲಾದ್ರೂ ಇನ್ಸುಲೇಷನ್ ಹೋದ ದಿನ ಮೈಕ್ ಹಿಡಿದೋರಿಗೆ ಶಾಕ್ ಹೊಡೆಯುತ್ತೆ, ಜೀವಕ್ಕೇ ಅಪಾಯ.

ಸಪ್ಲೈ ಮೇಲೆ ಅನುಮಾನ ಇದ್ರೆ ಸುಲಭದ ಪರೀಕ್ಷೆ ಇದೆ. ಎರಡು 9 ವೋಲ್ಟ್ ಬ್ಯಾಟರಿ ಸೀರೀಸಲ್ಲಿ ಹಾಕಿ, ನಡುಬಿಂದು ಗ್ರೌಂಡಿಗೆ, ಎರಡು ತುದಿ ಪ್ಲಸ್ ಮೈನಸ್‌ಗೆ. ಹಳೇ ಸಪ್ಲೈ ಪೂರ್ತಿ ಬಿಡಿಸಿಟ್ಟು. ಬ್ಯಾಟರಿಯಲ್ಲಿ ಹಮ್ ಮಾಯ ಆದ್ರೆ ಸಪ್ಲೈ ಅಥವಾ ಟ್ರಾನ್ಸ್‌ಫಾರ್ಮರ್ ತಪ್ಪಿತಸ್ಥ, ಹಾಗೇ ಇದ್ರೆ ಸಪ್ಲೈ ನಿರಪರಾಧಿ, ಶೀಲ್ಡಿಂಗ್ ನೋಡಿ.

ಸದ್ದಿನ ಸ್ವರವೂ ಸುಳಿವು ಕೊಡುತ್ತೆ. ಮೇನ್ಸ್ 50 ಹರ್ಟ್ಸ್ ಇರೋ ಕಡೆ ಬ್ರಿಜ್ ರೆಕ್ಟಿಫೈಯರ್ ಆದ್ಮೇಲಿನ ರಿಪ್ಪಲ್ (ಡಿಸಿಯಲ್ಲಿ ಉಳಿದಿರೋ ಏರಿಳಿತ) 100 ಹರ್ಟ್ಸು (60 ಇರೋ ಕಡೆ 120), ಸ್ವಲ್ಪ ಒರಟಾಗಿ ಜೊರ್ ಅನ್ನುತ್ತೆ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದಿಂದ ಅಥವಾ ಲೂಪಿನಿಂದ ಬರೋದು 50, ಮೆತ್ತಗೆ ಕೆಳಗಿನ ಸ್ವರ. ಫೋನಲ್ಲಿ ಎರಡೂ ಟೋನ್ ಹಾಕಿ ಹೋಲಿಸಿ ನೋಡಿದ್ರೆ ಗೊತ್ತಾಗುತ್ತೆ. 100 ಆದ್ರೆ ರೆಗ್ಯುಲೇಟರ್ ಒಳಗೆ ಹೋಗೋ ವೋಲ್ಟೇಜ್ ಅಳೀರಿ: 7812ಗೆ ಕನಿಷ್ಠ ಎರಡೂವರೆ ವೋಲ್ಟ್ ಹೆಚ್ಚು, ಅಂದ್ರೆ ರಿಪ್ಪಲ್ ತಗ್ಗಲ್ಲೂ 14.5 ವೋಲ್ಟ್ ಬೇಕು. 12-0-12 ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಡಯೋಡ್ ಕಳೆದು 16 ವೋಲ್ಟ್ ಹತ್ರ ಸಿಗುತ್ತೆ, ನಡೆಯುತ್ತೆ. 9-0-9 ಹಾಕಿದ್ರೆ 12 ಕೂಡ ಮುಟ್ಟಲ್ಲ, ರೆಗ್ಯುಲೇಟರ್ ಕೈಚೆಲ್ಲಿ ರಿಪ್ಪಲ್ಲನ್ನ ನೇರ ಒಳಗೆ ಬಿಡುತ್ತೆ. ಅಲ್ಲಿ ಎಷ್ಟು ದೊಡ್ಡ ಕೆಪಾಸಿಟರ್ ಹಾಕಿದ್ರೂ ಉಪಯೋಗ ಇಲ್ಲ.

50 ಆದ್ರೆ ಟ್ರಾನ್ಸ್‌ಫಾರ್ಮರನ್ನ ಕೈಯಳತೆ ದೂರ ಸರಿಸಿ ಅಥವಾ ತಿರುಗಿಸಿ ಇಟ್ಟು ನೋಡಿ, ಹಮ್ ಬದಲಾದ್ರೆ ಅದೇ. (ತಿರುಗಿಸೋದು ಪ್ಲಗ್ ಕಿತ್ತ ಮೇಲೆ.) ಡಬ್ಬ ಅಥವಾ ಪಾಟಿನ ಲೋಹ ಮುಟ್ಟಿದಾಗ ಹಮ್ ಕಮ್ಮಿ ಆಗೋದಾದ್ರೆ ಡಬ್ಬ ಗ್ರೌಂಡಿಗೆ ಸೇರಿಲ್ಲ. ಆಡಿಯೋ ಗ್ರೌಂಡನ್ನ ಡಬ್ಬಕ್ಕೆ ಒಂದೇ ಜಾಗದಲ್ಲಿ ಸೇರಿಸಿ.

ದನಿ ಒಡೆದು ಬರ್ತಿದೆ

ಯಾವ ನಾಬ್ ತಿರುಗಿಸಿದ್ರೆ ಸರಿಹೋಗುತ್ತೆ ಅನ್ನೋದೇ ಇಲ್ಲಿ ಉತ್ತರ. ಚಾನೆಲ್ ವಾಲ್ಯೂಮ್ ಇಳಿಸಿದ್ರೂ ಒಡಕು ಹೋಗದೆ ಸದ್ದು ಮಾತ್ರ ಸಣ್ಣಗಾದ್ರೆ ಒಡೀತಿರೋದು ಪಾಟಿಗಿಂತ ಹಿಂದೆ, ಇನ್‌ಪುಟ್ ಸ್ಟೇಜಲ್ಲಿ, ಫೋನು ಅಥವಾ ಕೀಬೋರ್ಡ್ ಕಡೆಯಿಂದಲೇ ಜಾಸ್ತಿ ಬರ್ತಿದೆ. ಚಾನೆಲ್ ಇಳಿಸಿದಾಗ ಸರಿಹೋಗಿ ಮಾಸ್ಟರ್ ಇಳಿಸಿದಾಗ ಸರಿಹೋಗದಿದ್ರೆ ಸಮ್ಮಿಂಗ್ ಸ್ಟೇಜಲ್ಲಿ ಎಲ್ಲ ಸೇರಿ ತುಂಬಿ ತುಳುಕ್ತಿದೆ. ಲೆಕ್ಕ ನೋಡಿ: ಪ್ರೊಫೆಷನಲ್ ಲೈನ್ ಲೆವೆಲ್ 1.23 ವೋಲ್ಟ್ ಆರ್‌ಎಂಎಸ್, ಅದರ ತುದಿ 1.7 ವೋಲ್ಟ್, ನಾಲ್ಕು ಸೇರಿದ್ರೆ ಒಟ್ಟಿಗೆ 7 ವೋಲ್ಟ್ ತನಕ ಹೋಗಬಹುದು. ±12 ವೋಲ್ಟಲ್ಲಿ ಜಾಗ ಇದೆ. ಒಂದೇ 9 ವೋಲ್ಟ್ ಬ್ಯಾಟರಿ ಮೇಲೆ ಓಡೋ ಮಿಕ್ಸರಲ್ಲಿ ಟಿಎಲ್072ಗೆ ಮೇಲೆ ಕೆಳಗೆ ಮೂರು ಮೂರು ವೋಲ್ಟ್ ಸಿಕ್ರೆ ಪುಣ್ಯ, ಒಡೆಯೋದು ಸಹಜ, ಅದು ದೋಷ ಅಲ್ಲ.

ಸಣ್ಣ ಸದ್ದಲ್ಲೂ ಒಡೀತಿದ್ರೆ ಡಿಸಿ ಅಳೀರಿ. ಪ್ರತಿ ಆಪ್ ಆಂಪ್ ಔಟ್‌ಪುಟ್ 0 ವೋಲ್ಟ್ ಇರ್ಬೇಕು. ಒಂದು ಸಪ್ಲೈ ಇಲ್ಲದಿದ್ರೆ ಅಲೆಯ ಒಂದು ಅರ್ಧವೇ ಕತ್ತರಿಸಿಹೋಗುತ್ತೆ. ಡಿಸಿ ಎಲ್ಲ ಸರಿ ಇದ್ದೂ ಮೆಲ್ಲಗಿನ ಭಾಗ ಒರಟಾಗಿ ಕೇಳ್ತಿದ್ರೆ ಐಸಿ ಮೇಲೆ ಬರೆದಿರೋದು ಓದಿ. ಎಲ್‌ಎಂ358 ಇದೇ ಸಾಕೆಟ್ಟಲ್ಲಿ ಸರಿಯಾಗಿ ಕೂರುತ್ತೆ, ಕೆಲಸವೂ ಮಾಡುತ್ತೆ, ಆದ್ರೆ ಆಡಿಯೋಗೆ ಅದು ಆಗಲ್ಲ, ಕ್ರಾಸ್‌ಓವರ್ ಡಿಸ್ಟಾರ್ಷನ್ (ಅಲೆ ಸೊನ್ನೆ ದಾಟೋವಾಗ ಆಗೋ ಒಡಕು) ಕೇಳಿಸುತ್ತೆ.

ಒಂದರ ವಾಲ್ಯೂಮ್ ತಿರುಗಿಸಿದ್ರೆ ಇನ್ನೊಂದು ಬದಲಾಗುತ್ತೆ

ವರ್ಚುವಲ್ ಗ್ರೌಂಡ್ ಕೆಲಸ ಮಾಡ್ತಿಲ್ಲ ಅಂತ ಅರ್ಥ. ಟೋನ್ ಕೊಟ್ಟು ಬಸ್ ಮೇಲೆ ಎಸಿ ಅಳೀರಿ, ಹೆಚ್ಚುಕಮ್ಮಿ ಸೊನ್ನೆ ಇರ್ಬೇಕು. ಅಲ್ಲಿ ನೂರಾರು ಮಿಲಿವೋಲ್ಟ್ ಸಿಕ್ರೆ ಆಪ್ ಆಂಪ್ ಬಸ್ಸನ್ನ ಹಿಡಿದಿಲ್ಲ: ಬಸ್ಸಿಂದ ಮೈನಸ್ ಪಿನ್ನಿಗೆ ಹೋಗೋ ಟ್ರ್ಯಾಕ್, ಫೀಡ್‌ಬ್ಯಾಕ್ ರೆಸಿಸ್ಟರ್, ಆಮೇಲೆ ಐಸಿ. ಒಂದು ಪಾಟ್ ಸೊನ್ನೆಗೆ ತಂದ ಕೂಡ್ಲೆ ಎಲ್ಲ ಚಾನೆಲ್ಲೂ ಸತ್ತು ಸುಯ್ ಅನ್ನೋ ಸದ್ದು ಜಾಸ್ತಿ ಆದ್ರೆ ಆ ಚಾನೆಲ್ಲಿನ 10ಕೆ ಮಿಕ್ಸಿಂಗ್ ರೆಸಿಸ್ಟರ್ ಶಾರ್ಟ್ ಆಗಿದೆ, ಪಾಟ್ ನೇರ ಬಸ್ಸನ್ನ ಗ್ರೌಂಡಿಗೆ ಎಳೀತಿದೆ.

ಪಾಟ್ ಸೊನ್ನೆಗೆ ತಂದ್ರೂ ಸದ್ದು ಪೂರ್ತಿ ನಿಲ್ಲದಿದ್ರೆ ಪಾಟಿನ ಗ್ರೌಂಡ್ ಕಾಲು ಬಿಟ್ಟಿದೆ. ಜೋಡಿ ಪಾಟಲ್ಲಿ ಎರಡು ಗ್ರೌಂಡ್ ಕಾಲು ಒಂದಕ್ಕೊಂದು ಸೇರಿದ್ದು ಅಲ್ಲಿಂದ ಗ್ರೌಂಡಿಗೆ ಮಾತ್ರ ಬಿಟ್ಟಿದ್ರೆ ಲೆಫ್ಟ್ ರೈಟಿಗೆ ಸೋರುತ್ತೆ.

ಸುಯ್ ಅನ್ನೋ ಹಿಸ್

ಸ್ವಲ್ಪ ಹಿಸ್ ಇದ್ದೇ ಇರುತ್ತೆ. ಸಮ್ಮಿಂಗ್ ಸ್ಟೇಜ್ ಪ್ರತಿ ಇನ್‌ಪುಟ್ಟನ್ನ ಒಂದು ಪಟ್ಟಲ್ಲೇ ಕಳಿಸಿದ್ರೂ ತನ್ನದೇ ನಾಯ್ಸನ್ನ ಮಾತ್ರ ಇನ್‌ಪುಟ್ ಸಂಖ್ಯೆಗಿಂತ ಒಂದು ಜಾಸ್ತಿ ಪಟ್ಟು ಮಾಡುತ್ತೆ. 8 ಇನ್‌ಪುಟ್ ಇದ್ರೆ 9 ಪಟ್ಟು, ಅಂದ್ರೆ 19 ಡೆಸಿಬೆಲ್. ವಾಲ್ಯೂಮ್ ಸೊನ್ನೆ ಇದ್ರೂ ಆ ರೆಸಿಸ್ಟರ್ ಬಸ್ಸಿಗೆ ಸೇರಿರೋದ್ರಿಂದ ಇದು ಹಾಗೇ ಇರುತ್ತೆ. ಹಾಗಾಗಿ ಮುಂದೆ ಬೇಕಾಗಬಹುದು ಅಂತ ಹದಿನಾರು ಚಾನೆಲ್ ಕಟ್ಟೋಕೆ ಹೋಗ್ಬೇಡಿ ಅಂತೀನಿ ನಾನು. ಮಿಕ್ಸಿಂಗ್ ರೆಸಿಸ್ಟರ್ 100ಕೆ ಇದ್ರೆ ಎಲ್ಲವನ್ನೂ (ಫೀಡ್‌ಬ್ಯಾಕ್ ಸೇರಿ) 10ಕೆ ಮಾಡಿದ್ರೆ ಹಿಸ್ ಇಳಿಯುತ್ತೆ. ಟಿಎಲ್072 ನಾಯ್ಸ್ ಸುಮಾರು 18 ನ್ಯಾನೋವೋಲ್ಟು, ಎನ್‌ಇ5532ದು 5, ಹರ್ಟ್ಸಿನ ವರ್ಗಮೂಲಕ್ಕೆ. 10ಕೆ ಸರ್ಕ್ಯೂಟಲ್ಲಿ ಈ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತೆ. ಅದಕ್ಕೂ ಮುಂಚೆ ಪುಕ್ಕಟೆ ಉಪಾಯ: ಫೋನ್ ವಾಲ್ಯೂಮ್ ಏರಿಸಿ, ಮಾಸ್ಟರ್ ಇಳಿಸಿ.

ನಾಬ್ ತಿರುಗಿಸಿದಾಗ ಕರಕರ

ಹಳೇ ಪಾಟ್ ಆದ್ರೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿ. ಹೊಸ ಪಾಟೂ ಕರಕರ ಅಂದ್ರೆ ಪಾಟಿನ ಮೇಲೆ ಡಿಸಿ ಬರ್ತಿದೆ. ಪಾಟಿನ ಎರಡು ತುದಿಗೆ ಅಳೀರಿ, ಕೆಲವು ಮಿಲಿವೋಲ್ಟಿಗಿಂತ ಜಾಸ್ತಿ ಇದ್ರೆ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಲೀಕ್, ಅಥವಾ ಎಲೆಕ್ಟ್ರೋಲಿಟಿಕ್ ಉಲ್ಟಾ. ಟಿಎಲ್072 ತೆಗೆದು ಎನ್‌ಇ5532 ಹಾಕಿದ ಮೇಲೆ ಶುರುವಾಯ್ತು ಅಂದ್ರೆ ಅದಕ್ಕೂ ಕಾರಣ ಇದೆ, 5532ರ ಇನ್‌ಪುಟ್ ಸುಮಾರು 200 ನ್ಯಾನೋಆಂಪ್ ಎಳೆಯುತ್ತೆ, 100ಕೆ ಮೂಲಕ ಎಳೆದ್ರೆ 20 ಮಿಲಿವೋಲ್ಟ್ ಡಿಸಿ. ಪಾಟ್ ಮತ್ತು ಆ ಇನ್‌ಪುಟ್ ನಡುವೆ ಒಂದು ಕೆಪಾಸಿಟರ್ ಹಾಕಿ, ಐಸಿ ಕಡೆಯಿಂದ ಗ್ರೌಂಡಿಗೆ ಒಂದು ರೆಸಿಸ್ಟರ್ ಕೊಡೋದು ಮರೀಬೇಡಿ.

ಬೇಸ್ ಇಲ್ಲ, ತೆಳ್ಳಗೆ ಕೇಳುತ್ತೆ

ಕಪ್ಲಿಂಗ್ ಕೆಪಾಸಿಟರ್ ಮೇಲಿನ ನಂಬರ್ ಓದಿ. 105 ಅಂದ್ರೆ 1 ಮೈಕ್ರೋಫ್ಯಾರಡ್, 104 ಅಂದ್ರೆ 0.1. 10ಕೆ ಜೊತೆ 1 ಮೈಕ್ರೋ 16 ಹರ್ಟ್ಸ್ ತನಕ ಬಿಡುತ್ತೆ, 0.1 ಆದ್ರೆ 160ರಿಂದಲೇ ಕತ್ತರಿಸೋಕೆ ಶುರು.

ಐಸಿ ಸುಡ್ತಿದೆ, ರೇಡಿಯೋ ಕೇಳಿಸುತ್ತೆ, ಬೆರಳು ಇಟ್ರೆ ಸದ್ದು ಬದಲಾಗುತ್ತೆ

ಎನ್‌ಇ5532 ±15 ವೋಲ್ಟಲ್ಲಿ ಸ್ವಲ್ಪ ಬೆಚ್ಚಗಿರೋದು ಸಹಜ, ಟಿಎಲ್072 ಬೆಚ್ಚಗಾಗೋದೇ ಗೊತ್ತಾಗಬಾರದು. ಬೆರಳು ಇಡೋಕಾಗದಷ್ಟು ಬಿಸಿ ಅಂದ್ರೆ ತಕ್ಷಣ ಆಫ್ ಮಾಡಿ ಐಸಿ ಉಲ್ಟಾ ಇದೆಯಾ, ಔಟ್‌ಪುಟ್ ಗ್ರೌಂಡಿಗೆ ತಾಗಿದೆಯಾ ನೋಡಿ. ಅದೆಲ್ಲ ಸರಿ ಇದ್ದೂ ಬಿಸಿ ಅಂದ್ರೆ ಆಪ್ ಆಂಪ್ ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗ್ತಿರಬಹುದು, ಅಂದ್ರೆ ಇನ್‌ಪುಟ್ ಇಲ್ಲದೆ ತಾನೇ ಸಿಗ್ನಲ್ ಹುಟ್ಟಿಸ್ತಿರಬಹುದು. ಮಾಮೂಲಿ ಮೀಟರಿಗೆ ಇದು ಕಾಣಲ್ಲ. ಕ್ರಮವಾಗಿ ಮೂರು ಕೆಲಸ: 8 ಮತ್ತು 4ನೇ ಪಿನ್ನಿಗೆ ತೀರಾ ಹತ್ರ 0.1 ಮೈಕ್ರೋ ಸೆರಾಮಿಕ್, ಔಟ್‌ಪುಟ್ ಜ್ಯಾಕಿಗೆ ಹೋಗೋ ಮುಂಚೆ 100 ಓಮ್ ಸೀರೀಸಲ್ಲಿ, ಸಮ್ಮಿಂಗ್ ಫೀಡ್‌ಬ್ಯಾಕ್ ರೆಸಿಸ್ಟರ್ ಮೇಲೆ 22ರಿಂದ 100 ಪಿಕೋಫ್ಯಾರಡ್. ಉದ್ದನೆಯ ಬಸ್ ತಂತಿಯ ಕೆಪಾಸಿಟೆನ್ಸೇ ಇದನ್ನ ಕೆಣಕೋದು, ಹಾಗಾಗಿ ಚಾನೆಲ್ ಜಾಸ್ತಿ ಇದ್ದಷ್ಟೂ ಮೂರನೇದು ಮುಖ್ಯ. ರೇಡಿಯೋ ಕೇಳಿದ್ರೆ ಶೀಲ್ಡ್ ಸರಿಯಾಗಿ ಸೇರಿದೆಯಾ ನೋಡಿ, ಇನ್‌ಪುಟ್ಟಲ್ಲಿ 1ಕೆ ಸೀರೀಸ್, ಅಲ್ಲಿಂದ ಗ್ರೌಂಡಿಗೆ 100 ಪಿಕೋಫ್ಯಾರಡ್ ಹಾಕಿ.

ಎಲ್ಲಿ ಕೈ ಬಿಡಬೇಕು

ಫ್ಯೂಸ್ ಬದಲಾಯಿಸಿದ ಮೇಲೂ ಮತ್ತೆ ಹೋದ್ರೆ ದೊಡ್ಡ ಫ್ಯೂಸ್ ಹಾಕ್ಬೇಡಿ, ತಂತಿ ಸುತ್ತೋದಂತೂ ಬೇಡವೇ ಬೇಡ. ಡಬ್ಬ ಮುಟ್ಟಿದ್ರೆ ಜುಮ್ ಅನ್ನೋದು, ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ, ಕೆಪಾಸಿಟರ್ ತಲೆ ಉಬ್ಬಿರೋದು, ಇದರಲ್ಲಿ ಯಾವುದು ಕಂಡ್ರೂ ಪ್ಲಗ್ ಕಿತ್ತು ಮೇನ್ಸ್ ಕೆಲಸ ಗೊತ್ತಿರೋರ ಹತ್ರ ಕೊಡಿ. ಅಥವಾ ಒಳಗಿನ ಟ್ರಾನ್ಸ್‌ಫಾರ್ಮರನ್ನ ಪೂರ್ತಿ ತೆಗೆದುಹಾಕಿ ರೆಡಿಮೇಡ್ ಅಡಾಪ್ಟರಲ್ಲಿ ಓಡೋ ಹಾಗೆ ಮಾಡ್ಕೊಳ್ಳಿ, ಹೊಸದಾಗಿ ಕಲೀತಿರೋರಿಗೆ ನಾನು ಹೇಳೋದು ಇದನ್ನೇ.

ಆಡಿಯೋ ಭಾಗದಲ್ಲಿ ಜೀವಕ್ಕೆ ಅಪಾಯ ಇಲ್ಲ, ಆದ್ರೆ ಬೇರೆ ಮಿತಿ ಇದೆ. ಮೂರು ಕ್ರಮ ಮಾಡಿದ ಮೇಲೂ ಆಸಿಲೇಷನ್ ಅನುಮಾನ ಉಳಿದ್ರೆ ಆಸಿಲೋಸ್ಕೋಪ್ ಇರೋರನ್ನ ಹುಡುಕಿ, ಅಂದಾಜಲ್ಲಿ ಬಿಡಿಭಾಗ ಬದಲಾಯಿಸ್ತಾ ಹೋದ್ರೆ ಟ್ರ್ಯಾಕ್ ಕಿತ್ತು ಬರುತ್ತೆ. ಒಂದೇ ಪ್ಯಾಡನ್ನ ಎರಡು ಮೂರು ಸಲ ಬಿಸಿ ಮಾಡಿ ಅದು ಏಳೋಕೆ ಶುರುವಾಗಿದ್ರೆ ಅಲ್ಲಿಗೆ ನಿಲ್ಲಿಸಿ ಹಿಂದಿನಿಂದ ತೆಳು ತಂತಿ ಎಳೀರಿ. ಹೋಗೋ ಮುಂಚೆ ಲೆಫ್ಟ್ ರೈಟ್ ಎರಡರ ಡಿಸಿ ಓದುಗಳನ್ನ ಪಿನ್ ನಂಬರ್ ಸಮೇತ ಒಂದು ಹಾಳೆ ಮೇಲೆ ಬರ್ಕೊಂಡು ಹೋಗಿ, ನೋಡೋರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.